ಕಳುಹಿಸದ ಪತ್ರ: ಬೀಥೋವನ್‌ನ ಸ್ವಾನುಕಂಪ, ಒಂದು ಪ್ರಕರಣ ಅಧ್ಯಯನ

ಕಷ್ಟ ಬಂದಾಗ ಮನುಷ್ಯ ತನಗಾಗಿ ತಾನೇ ಮರುಗತೊಡಗುವುದು, ಅಂದರೆ ಸ್ವಾನುಕಂಪ, ಹೊಸದೇನಲ್ಲ. ಆದರೆ ಆ ಮರುಕ ಎಲ್ಲಿ ಹುಟ್ಟಿತು, ಏನನ್ನು ಉಂಡು ಬೆಳೆಯಿತು, ಯಾವಾಗ ತಗ್ಗಿತು, ಯಾವಾಗ ಬೇರೊಂದು ವೇಷದಲ್ಲಿ ಮರಳಿತು ಎಂಬುದನ್ನು ಒಬ್ಬನೇ ವ್ಯಕ್ತಿಯ ಕೈಬರಹದ ಆಧಾರದಿಂದ ಕಾಲು ಶತಮಾನದುದ್ದಕ್ಕೂ ಹಿಂಬಾಲಿಸಲು ಸಿಗುವ ಪ್ರಕರಣಗಳು ತೀರ ವಿರಳ. ಇಂಥ ಮನಃಸ್ಥಿತಿಯಲ್ಲಿ ಇರುವವರು ಸಾಮಾನ್ಯವಾಗಿ ಏನನ್ನೂ ಬರೆದಿಡುವುದಿಲ್ಲ. ಬರೆದರೂ ಮನಸ್ಸು ತಿಳಿಯಾದ ಮೇಲೆ ನಾಚಿಕೆಯಿಂದ ಹರಿದುಹಾಕುತ್ತಾರೆ. ಸಂಗೀತಗಾರ ಲುಡ್ವಿಗ್ ವಾನ್ ಬೀಥೋವನ್ ಹಾಗೆ ಮಾಡಲಿಲ್ಲ. 1802ರ ಅಕ್ಟೋಬರ್ 6ರಂದು, ವಿಯೆನ್ನಾ ನಗರಕ್ಕೆ ಹತ್ತಿರದ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ಕುಳಿತು ತನ್ನ ಇಬ್ಬರು ತಮ್ಮಂದಿರ ಹೆಸರಿಗೆ ಆತ ಬರೆದ ದೀರ್ಘ ಪತ್ರವನ್ನು ಕಳುಹಿಸಲೂ ಇಲ್ಲ, ನಾಶಮಾಡಲೂ ಇಲ್ಲ. 1827ರ ಮಾರ್ಚ್‌ನಲ್ಲಿ ಆತ ತೀರಿಕೊಂಡ ಮೇಲೆ ಅದು ಅವನ ಕಾಗದಪತ್ರಗಳ ನಡುವೆ ಸಿಕ್ಕಿತು, ಅದೇ ವರ್ಷ ಅಚ್ಚಾಯಿತು. ಇಂದು ಅದನ್ನು ಹೈಲಿಗೆನ್‌ಸ್ಟಾಟ್ ಉಯಿಲು ಎಂದು ಕರೆಯುವುದು ವಾಡಿಕೆ.

ಈ ಪತ್ರವನ್ನು ಸಾಮಾನ್ಯವಾಗಿ ಒಂದು ವೀರಗಾಥೆಯ ಮೊದಲ ಅಧ್ಯಾಯದಂತೆ ಓದಲಾಗುತ್ತದೆ: ಕಿವುಡುತನ ಬಂತು, ಸಾಯಲು ಯೋಚಿಸಿದ, ಪತ್ರ ಬರೆದು ದುಃಖ ಕಳೆದುಕೊಂಡ, ಆಮೇಲೆ ಮಹಾಕೃತಿಗಳನ್ನು ರಚಿಸಿದ. ದಾಖಲೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದರೆ ಕಥೆ ಇಷ್ಟು ನೇರವಾಗಿ ನಿಲ್ಲುವುದಿಲ್ಲ. ನನ್ನ ಓದಿನಲ್ಲಿ ಈ ಪ್ರಕರಣದ ಮುಖ್ಯ ಅಂಶ ಕಿವುಡುತನವಲ್ಲ, ಕಿವುಡುತನವನ್ನು ಮುಚ್ಚಿಟ್ಟದ್ದು. ಸ್ವಾನುಕಂಪ ಆ ಮುಚ್ಚಿಟ್ಟ ಗುಟ್ಟಿನ ಸುತ್ತಲೇ ಬೆಳೆಯಿತು. ಗುಟ್ಟು ಸಡಿಲವಾದ ಕಡೆಗಳಲ್ಲಿ ತಗ್ಗಿತು. ಇನ್ನೊಂದು ನೋವನ್ನು ಆತ ಮುಚ್ಚಿಟ್ಟುಕೊಂಡಾಗ ಮತ್ತೆ ತಲೆಯೆತ್ತಿ, ಆ ಬಾರಿ ಮತ್ತೊಬ್ಬನನ್ನೂ ಗಾಯಗೊಳಿಸಿತು.

ಹಿನ್ನೆಲೆ

1770ರ ಡಿಸೆಂಬರ್‌ನಲ್ಲಿ ಬಾನ್ ನಗರದಲ್ಲಿ ಹುಟ್ಟಿದ ಬೀಥೋವನ್, 1792ರಲ್ಲಿ ವಿಯೆನ್ನಾಕ್ಕೆ ಬಂದು ಹತ್ತು ವರ್ಷಗಳಲ್ಲಿ ಅಲ್ಲಿನ ಪ್ರಮುಖ ಪಿಯಾನೊ ವಾದಕರಲ್ಲಿ ಒಬ್ಬನೆನಿಸಿಕೊಂಡಿದ್ದ. ಹೊರಗಿನಿಂದ ನೋಡುವವರಿಗೆ ಅವನ ಬದುಕು ಏರುಗತಿಯಲ್ಲಿತ್ತು. ರಾಜಕುಮಾರ ಲಿಖ್ನೋವ್ಸ್ಕಿ 1800ರಿಂದ ವರ್ಷಕ್ಕೆ 600 ಫ್ಲೋರಿನ್ ಕೊಡುತ್ತಿದ್ದ. ಒಂದೊಂದು ಕೃತಿಗೂ ಆರೇಳು ಪ್ರಕಾಶಕರು ಕಾದಿರುತ್ತಾರೆ, ನಾನು ಕೇಳಿದ ಬೆಲೆ ಕೊಡುತ್ತಾರೆ ಎಂದು ಆತನೇ ಬರೆದುಕೊಂಡಿದ್ದಾನೆ. ಈ ಮಾತನ್ನು ಆತ ಬರೆದದ್ದು 1801ರ ಜೂನ್ 29ರಂದು ಬಾಲ್ಯದ ಗೆಳೆಯ, ವೈದ್ಯ ಫ್ರಾಂಟ್ಸ್ ವೇಗೆಲರ್‌ಗೆ. ಕಿವಿ ಕೆಡುತ್ತಿದೆ ಎಂದು ಹೇಳಿಕೊಂಡದ್ದೂ ಅದೇ ಪತ್ರದಲ್ಲಿ.

ಆ ಪತ್ರದಲ್ಲಿನ ವಿವರಗಳು ವೈದ್ಯರ ಮುಂದೆ ಕುಳಿತ ರೋಗಿಯ ಮಾತಿನಷ್ಟು ನಿಖರವಾಗಿವೆ. ಹಗಲು ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ರಂಗಮಂದಿರದಲ್ಲಿ ನಟರ ಮಾತು ತಿಳಿಯಬೇಕಾದರೆ ವಾದ್ಯವೃಂದಕ್ಕೆ ತೀರ ಹತ್ತಿರ ಹೋಗಿ ಕುಳಿತು ಮುಂದಕ್ಕೆ ಬಾಗಬೇಕು. ದೂರದಿಂದ ವಾದ್ಯಗಳ ಮತ್ತು ಕಂಠಗಳ ಮೇಲಿನ ಸ್ವರಗಳು ಕೇಳಿಸುವುದಿಲ್ಲ. ಮೆಲ್ಲಗೆ ಮಾತಾಡಿದರೆ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ; ಕೂಗಿದರೆ ಸಹಿಸಲಾಗುವುದಿಲ್ಲ. ಮನೆಯಲ್ಲಿ ಕಿವಿ ಮಂದವಾದ ಹಿರಿಯರಿದ್ದವರಿಗೆ ಈ ಕೊನೆಯ ವಾಕ್ಯ ಚೆನ್ನಾಗಿ ಪರಿಚಯವಿರುತ್ತದೆ: ‘ಕೇಳಿಸಲಿಲ್ಲ’ ಎಂದದ್ದಕ್ಕೆ ಜೋರಾಗಿ ಹೇಳಿದರೆ ‘ಯಾಕೆ ಅರಚುತ್ತೀ’ ಎಂದು ಗದರಿಸಿಕೊಳ್ಳುವ ಅನುಭವ.

ಚಿಕಿತ್ಸೆಗಳೂ ಹಲವು ನಡೆದವು. ಬಾದಾಮಿ ಎಣ್ಣೆ, ತಣ್ಣೀರಿನ ಸ್ನಾನ, ಅನಂತರ ಡ್ಯಾನ್ಯೂಬ್ ನದಿಯ ನೀರಿನ ಉಗುರುಬೆಚ್ಚಗಿನ ಸ್ನಾನ, ಹೊಟ್ಟೆಗೆ ಗುಳಿಗೆ, ಕೊನೆಗೆ ಎರಡೂ ತೋಳುಗಳಿಗೆ ಬೊಬ್ಬೆ ಎಬ್ಬಿಸುವ ಮರದ ತೊಗಟೆಯ ಪಟ್ಟಿ. ಪಟ್ಟಿ ಕಟ್ಟಿದಾಗಲೆಲ್ಲ ಒಂದೆರಡು ದಿನ ತೋಳು ಆಡಿಸಲಾಗದೆ ಪಿಯಾನೊವನ್ನೂ ಮುಟ್ಟಲಾಗುತ್ತಿರಲಿಲ್ಲ. ಕಿವಿ ಗುಣವಾಗಲಿಲ್ಲ. ಹೊಸ ವೈದ್ಯ ಯೋಹಾನ್ ಆಡಮ್ ಷ್ಮಿಟ್, ಕಿವಿಗೆ ಆದಷ್ಟು ವಿಶ್ರಾಂತಿ ಕೊಡಲು ಹಳ್ಳಿಯಲ್ಲಿ ಇರುವಂತೆ ಸಲಹೆ ನೀಡಿದ. ಹೀಗೆ ಆತ 1802ರಲ್ಲಿ ಸುಮಾರು ಆರು ತಿಂಗಳ ಕಾಲ ಹೈಲಿಗೆನ್‌ಸ್ಟಾಟ್‌ನಲ್ಲಿ ಉಳಿದ.

ಗುಟ್ಟು

ವೇಗೆಲರ್‌ಗೆ ಬರೆದ ಪತ್ರದಲ್ಲಿಯೇ ಇಡೀ ಪ್ರಕರಣದ ಕೀಲಿಯಿದೆ. ಸುಮಾರು ಎರಡು ವರ್ಷಗಳಿಂದ ಯಾವ ಕೂಟಕ್ಕೂ ಹೋಗಿಲ್ಲ, ಏಕೆಂದರೆ ಜನರ ಮುಂದೆ ‘ನಾನು ಕಿವುಡ’ ಎಂದು ಹೇಳುವುದು ನನ್ನಿಂದಾಗದು ಎನ್ನುತ್ತಾನೆ. ಬೇರೆ ಯಾವ ಕಸುಬಾದರೂ ನಡೆಯುತ್ತಿತ್ತು, ನನ್ನ ಕಸುಬಿನಲ್ಲಿ ಇದು ಭಯಂಕರ. ನನಗೆ ಶತ್ರುಗಳು ಕಡಿಮೆಯಿಲ್ಲ, ಅವರು ಏನನ್ನುವರು ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಇದನ್ನು ಯಾರಿಗೂ ಹೇಳಬೇಡ ಎಂದು ಬೇಡಿಕೊಳ್ಳುತ್ತಾನೆ. ಎರಡು ದಿನಗಳ ನಂತರ ಇನ್ನೊಬ್ಬ ಗೆಳೆಯ ಕಾರ್ಲ್ ಅಮೆಂಡಾಗೆ ಬರೆದ ಪತ್ರದಲ್ಲಿಯೂ ಇದೇ ನಿವೇದನೆ, ಇದೇ ಆಣೆ.

ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ವೇಗೆಲರ್ ಇದ್ದದ್ದು ಬಾನ್‌ನಲ್ಲಿ, ಅಮೆಂಡಾ ಇದ್ದದ್ದು ದೂರದ ಬಾಲ್ಟಿಕ್ ತೀರದಲ್ಲಿ. ಪ್ರತಿದಿನ ಮುಖ ನೋಡುತ್ತಿದ್ದ ವಿಯೆನ್ನಾದ ಪರಿಚಿತರಿಗೆ ಆತ ಬಾಯಿಬಿಡಲಿಲ್ಲ. ದೂರದವರಿಗೆ ಹೇಳಿಕೊಂಡರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ದಿನನಿತ್ಯದ ನಡೆನುಡಿಯಲ್ಲಿ ಏನೂ ಬದಲಾಗುವುದಿಲ್ಲ. ಮಾತು ಕೇಳಿಸದಿದ್ದಾಗ ಕೇಳಿಸಿದಂತೆ ತಲೆಯಾಡಿಸುವುದು ತಪ್ಪುವುದಿಲ್ಲ. ಆತ ಅನ್ಯಮನಸ್ಕನೆಂದು ಹೆಸರಾಗಿದ್ದ. ಆ ಹೆಸರೇ ಅವನ ರಕ್ಷಣೆಯಾಗಿತ್ತು. ಕಿವುಡನೆನ್ನಿಸಿಕೊಳ್ಳುವುದಕ್ಕಿಂತ ಮನಸ್ಸೆಲ್ಲೋ ಇಟ್ಟವನು ಎನ್ನಿಸಿಕೊಳ್ಳುವುದು ಅವನಿಗೆ ಸಹ್ಯವಾಗಿತ್ತು.

ಆ ವರ್ಷದ ನವೆಂಬರ್ 16ರ ಪತ್ರದಲ್ಲಿ ಧಾಟಿ ಬೇರೆ. ವಿಧಿಯ ಕುತ್ತಿಗೆ ಹಿಡಿಯುತ್ತೇನೆ, ಅದು ನನ್ನನ್ನು ಪೂರ್ತಿ ಬಗ್ಗಿಸಲಾರದು ಎಂಬ ಪ್ರಸಿದ್ಧ ಮಾತು ಬರುವುದು ಅಲ್ಲಿ. ಈಗ ಜನರೊಡನೆ ಹೆಚ್ಚು ಬೆರೆಯುತ್ತಿದ್ದೇನೆ, ಅದಕ್ಕೆ ಕಾರಣ ಒಬ್ಬ ಪ್ರಿಯ ಹುಡುಗಿ ಎಂಬ ಮಾತೂ ಅಲ್ಲಿದೆ. ಇಷ್ಟು ಹುಮ್ಮಸ್ಸಿನಿಂದ ಬರೆದ ವ್ಯಕ್ತಿ ಹನ್ನೊಂದು ತಿಂಗಳೊಳಗೆ ಸಾವಿನ ಬಗ್ಗೆ ಬರೆದ. ಆದ್ದರಿಂದ ಮೊದಲು ಕುಸಿತ, ಆಮೇಲೆ ಏಳಿಗೆ ಎಂಬ ಕ್ರಮ ಈ ದಾಖಲೆಗಳಲ್ಲಿಲ್ಲ. ಸಂಕಲ್ಪದ ಮಾತು ಎಷ್ಟೇ ಗಟ್ಟಿಯಾಗಿದ್ದರೂ ಗುಟ್ಟು ಗುಟ್ಟಾಗಿಯೇ ಉಳಿದಿತ್ತು.

ಪತ್ರದ ಒಳಗೆ

ಉಯಿಲು ಎಂಬ ಹೆಸರು ಇದ್ದರೂ ಪತ್ರ ಆರಂಭವಾಗುವುದು ಆಸ್ತಿಯಿಂದಲ್ಲ, ದುಃಖದಿಂದಲೂ ಅಲ್ಲ, ದೂರಿನಿಂದ. ನನ್ನನ್ನು ದ್ವೇಷಿ, ಹಟಮಾರಿ, ಮನುಷ್ಯರನ್ನು ಕಂಡರಾಗದವನು ಎಂದು ತಿಳಿಯುವವರೇ, ನೀವು ನನಗೆ ಎಷ್ಟು ಅನ್ಯಾಯ ಮಾಡುತ್ತಿದ್ದೀರಿ, ನಾನು ಹಾಗೆ ಕಾಣಲು ಇರುವ ಗುಪ್ತ ಕಾರಣ ನಿಮಗೆ ಗೊತ್ತಿಲ್ಲ ಎಂಬ ಅರ್ಥದ ಸಂಬೋಧನೆ ಮೊದಲ ಸಾಲುಗಳಲ್ಲಿಯೇ ಇದೆ. ಮುಂದೆ ಕೆಲವೇ ಸಾಲುಗಳಲ್ಲಿ, ‘ಜೋರಾಗಿ ಮಾತಾಡಿ, ಕೂಗಿ, ನನಗೆ ಕಿವಿ ಕೇಳಿಸದು’ ಎಂದು ಜನರಿಗೆ ಹೇಳಲು ನನ್ನಿಂದಾಗಲಿಲ್ಲ, ಇತರರಿಗಿಂತ ನನ್ನಲ್ಲಿ ಪರಿಪೂರ್ಣವಾಗಿರಬೇಕಾದ ಇಂದ್ರಿಯದ ಕೊರತೆಯನ್ನು ನಾನು ಹೇಗೆ ಒಪ್ಪಿಕೊಳ್ಳಲಿ ಎಂದು ಆತನೇ ಬರೆಯುತ್ತಾನೆ.

ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಕಾರಣ ತಿಳಿಯದೆ ಜನ ತನಗೆ ಅನ್ಯಾಯ ಮಾಡುತ್ತಿದ್ದಾರೆ ಎಂಬುದು ಅವನ ದೂರು. ಆ ಕಾರಣ ಅವರಿಗೆ ತಿಳಿಯದಂತೆ ನೋಡಿಕೊಂಡವನು ಆತನೇ. ಹುಣ್ಣಿರುವ ತೋಳನ್ನು ಅಂಗಿಯೊಳಗೆ ಮುಚ್ಚಿಕೊಂಡು ಸಂತೆಯಲ್ಲಿ ಮೈ ತಗುಲಿಸಿದವರನ್ನೆಲ್ಲ ಕಟುಕರೆಂದು ಬೈಯುವ ಸ್ಥಿತಿಯಿದು. ನೋವು ಸುಳ್ಳಲ್ಲ, ತಗುಲಿದ್ದೂ ಸುಳ್ಳಲ್ಲ. ಕಟುಕತನ ಮಾತ್ರ ಅಲ್ಲಿಲ್ಲ. ಸ್ವಾನುಕಂಪವನ್ನು ಬರಿಯ ದುಃಖದಿಂದ ಬೇರ್ಪಡಿಸುವುದು ಈ ಅಂಶವೇ ಎಂದು ನನಗೆ ತೋರುತ್ತದೆ. ದುಃಖಕ್ಕೆ ಆರೋಪಿಯ ಅಗತ್ಯವಿಲ್ಲ. ಸ್ವಾನುಕಂಪದಲ್ಲಿ ಮಾತ್ರ, ಹೆಸರಿಲ್ಲದಿದ್ದರೂ, ಒಬ್ಬ ಆರೋಪಿ ಇದ್ದೇ ಇರುತ್ತಾನೆ: ಜನ, ದೇವರು, ವಿಧಿ, ಒಡಹುಟ್ಟಿದವರು. ಮನೋವಿಜ್ಞಾನಿ ಯೋಆಖಿಮ್ ಷ್ಟೋಬರ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಾನುಕಂಪದ ಸ್ವಭಾವವುಳ್ಳವರಲ್ಲಿ ಒಳಗೇ ಅದುಮಿಟ್ಟ ಸಿಟ್ಟು ಮತ್ತು ತಮ್ಮ ಬದುಕು ಇತರರ ಅಥವಾ ಅದೃಷ್ಟದ ಕೈಯಲ್ಲಿದೆ ಎಂಬ ನಂಬಿಕೆ ಹೆಚ್ಚಾಗಿ ಕಂಡುಬಂದವು. ಇನ್ನೂರು ವರ್ಷ ಹಿಂದಿನ ಈ ಪತ್ರ ಆ ವಿವರಣೆಗೆ ಹೊಂದುವಂತೆಯೇ ಇದೆ.

ಹೆಸರಿನ ವಿಷಯದಲ್ಲಿಯೂ ಒಂದು ವಿಚಿತ್ರವಿದೆ. ಪತ್ರ ಇಬ್ಬರು ತಮ್ಮಂದಿರಿಗೆ ಬರೆದದ್ದು. ಕಾರ್ಲ್‌ನ ಹೆಸರಿದೆ, ಯೋಹಾನ್‌ನ ಹೆಸರು ಬರಬೇಕಾದ ಕಡೆಯಲ್ಲೆಲ್ಲ ಜಾಗ ಖಾಲಿ ಬಿಟ್ಟಿದೆ. ಏಕೆಂದು ಸಂಶೋಧಕರು ಬಗೆಬಗೆಯಾಗಿ ಊಹಿಸಿದ್ದಾರೆ. ಕಾರಣ ಏನೇ ಇರಲಿ, ಸಮಾಧಾನದ ಮಾತು ಬರೆಯುವಾಗಲೂ ಯಾರೊಡನೆಯೋ ಲೆಕ್ಕ ಬಾಕಿ ಇದ್ದಂತೆ ಆ ಖಾಲಿ ಜಾಗ ಕಾಣುತ್ತದೆ.

ಪತ್ರದ ಅತ್ಯಂತ ಕಹಿಯಾದ ಭಾಗ ಕೊಳಲಿನದು. ಪಕ್ಕದಲ್ಲಿ ನಿಂತವನಿಗೆ ದೂರದಿಂದ ಕೊಳಲು ಕೇಳಿಸಿ ನನಗೆ ಕೇಳಿಸದಿದ್ದಾಗ, ಕುರುಬ ಹಾಡುವುದು ಅವನಿಗೆ ಕೇಳಿಸಿ ನನಗೆ ಕೇಳಿಸದಿದ್ದಾಗ ಎಂಥ ಅವಮಾನ, ಇಂಥ ಪ್ರಸಂಗಗಳು ನನ್ನನ್ನು ಹತಾಶೆಯ ಅಂಚಿಗೆ ತಂದವು, ಇನ್ನು ಸ್ವಲ್ಪದರಲ್ಲಿ ಜೀವ ಕಳೆದುಕೊಳ್ಳುತ್ತಿದ್ದೆ, ತಡೆದದ್ದು ಕಲೆಯೊಂದೇ ಎನ್ನುತ್ತಾನೆ. ಇದೇ ಬಗೆಯ ಒಂದು ಘಟನೆಯನ್ನು ಅವನ ಶಿಷ್ಯ ಫರ್ಡಿನಾಂಡ್ ರೀಸ್ ಬಹಳ ವರ್ಷಗಳ ಮೇಲೆ ಬರೆದಿದ್ದಾನೆ. ಇಬ್ಬರೂ ತಿರುಗಾಡಲು ಹೋಗಿದ್ದಾಗ ಕಾಡಿನಲ್ಲಿ ಕುರುಬನೊಬ್ಬ ಕೊಳಲು ನುಡಿಸುತ್ತಿದ್ದ. ರೀಸ್ ಅದನ್ನು ತೋರಿಸಿದ. ಬೀಥೋವನ್‌ಗೆ ಅರ್ಧ ಗಂಟೆಯಾದರೂ ಏನೂ ಕೇಳಿಸಲಿಲ್ಲ. ‘ನನಗೂ ಈಗ ಕೇಳಿಸುತ್ತಿಲ್ಲ’ ಎಂದು ರೀಸ್ ಮತ್ತೆ ಮತ್ತೆ ಹೇಳಿದ, ಅದು ಸುಳ್ಳು. ಗುರು ಮಂಕಾಗಿ ಮೌನವಾದ.

ರೀಸ್‌ನ ಸುಳ್ಳು ಕರುಣೆಯಿಂದ ಹುಟ್ಟಿದ್ದು, ಅದನ್ನು ತಪ್ಪೆನ್ನಲು ಮನಸ್ಸಾಗದು. ಆದರೂ ಆ ಕ್ಷಣದಲ್ಲಿ ಏನಾಯಿತು ನೋಡಿ: ಇಬ್ಬರಿಗೂ ವಿಷಯ ಗೊತ್ತು, ತನಗೆ ಗೊತ್ತೆಂದು ಇಬ್ಬರೂ ಹೇಳುವುದಿಲ್ಲ. ಒಬ್ಬ ತೋರ್ಪಡಿಸುವುದಿಲ್ಲ, ಇನ್ನೊಬ್ಬ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ಸಾಲ, ಕಾಯಿಲೆ, ಮುರಿದುಬಿದ್ದ ಮದುವೆಗಳ ಸುತ್ತ ಇಂಥ ಮೌನದ ಒಪ್ಪಂದ ಹೇಗೆ ವರ್ಷಗಟ್ಟಲೆ ನಡೆಯುತ್ತದೆ ಎಂಬುದು ಓದುಗರಿಗೆ ಹೇಳಬೇಕಾದ ವಿಷಯವಲ್ಲ. ನೊಂದವನಿಗೆ ‘ಯಾರೂ ನನ್ನನ್ನು ಕೇಳುವವರಿಲ್ಲ’ ಎನಿಸುತ್ತದೆ. ಸುತ್ತಲಿನವರಿಗೆ ‘ಕೇಳಿದರೆ ನೊಂದುಕೊಳ್ಳುತ್ತಾನೆ’ ಎನಿಸುತ್ತದೆ.

ವೈದ್ಯರ ಸಲಹೆಯ ಬಗ್ಗೆ ಪತ್ರದಲ್ಲಿ ಬರುವ ಒಂದು ಮಾತು ಸಾಮಾನ್ಯವಾಗಿ ಓದುಗರ ಕಣ್ತಪ್ಪಿಸುತ್ತದೆ. ಕಿವಿಗೆ ವಿಶ್ರಾಂತಿ ಕೊಡು ಎಂಬ ವೈದ್ಯನ ಆದೇಶ ನನ್ನ ಈಗಿನ ಮನೋಧರ್ಮಕ್ಕೆ ಹೆಚ್ಚುಕಡಿಮೆ ಹೊಂದಿಕೆಯಾಗಿತ್ತು ಎಂದು ಆತ ಹೇಳುತ್ತಾನೆ. ಅಂದರೆ, ಒಂಟಿತನಕ್ಕೆ ವೈದ್ಯಕೀಯ ಒಪ್ಪಿಗೆ ಸಿಕ್ಕಂತಾಯಿತು. ಷ್ಮಿಟ್ ಸದುದ್ದೇಶದಿಂದಲೇ ಹೇಳಿದ್ದು, ಬೀಥೋವನ್ ಅವನಿಗೆ ಪತ್ರದಲ್ಲಿ ಕೃತಜ್ಞತೆಯನ್ನೂ ಹೇಳಿದ್ದಾನೆ. ಆದರೆ ಜನರಿಂದ ತಪ್ಪಿಸಿಕೊಳ್ಳಬೇಕೆಂದು ಮೊದಲೇ ಹವಣಿಸುತ್ತಿದ್ದವನಿಗೆ ಆರು ತಿಂಗಳ ಏಕಾಂತವನ್ನು ಔಷಧಿಯಾಗಿ ಕೊಟ್ಟದ್ದರಿಂದ ಕಿವಿಗೆ ಎಷ್ಟು ಲಾಭವಾಯಿತೋ ತಿಳಿಯದು, ‘ಯಾಕೆ ನನಗೇ ಹೀಗೆ’ ಎಂಬ ಯೋಚನೆಗೆ ಮಾತ್ರ ಬೇಕಾದಷ್ಟು ಬಿಡುವು ಸಿಕ್ಕಿತು. ಒಂದೇ ನೋವಿನ ಕಾರಣಗಳನ್ನೂ ಪರಿಣಾಮಗಳನ್ನೂ ಮನಸ್ಸಿನಲ್ಲಿ ಮೆಲುಕು ಹಾಕುತ್ತಿರುವುದು ಖಿನ್ನತೆಯನ್ನು ಉದ್ದಕ್ಕೆಳೆಯುತ್ತದೆ ಎಂದು ಸೂಸನ್ ನೋಲೆನ್-ಹೂಕ್ಸೆಮಾ 1991ರಿಂದ ಮುಂದೆ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪತ್ರದಲ್ಲಿ ಆತ್ಮಹತ್ಯೆಯ ಮಾತು ಸ್ಪಷ್ಟವಾಗಿದೆ. ಅಂಥ ಮಾತು ಬಂದಲ್ಲಿ ಅದು ಸ್ವಾನುಕಂಪವೋ ನಾಟಕವೋ ಎಂದು ತೂಗುತ್ತ ಕೂರುವುದು ಸಲ್ಲದು. ‘ಸಾಕು ಮಾಡು, ಎಲ್ಲರಿಗೂ ಕಷ್ಟ ಇರುತ್ತದೆ’ ಎಂದು ಗದರುವುದಂತೂ ಅಪಾಯಕರ. ಬೀಥೋವನ್‌ಗೆ ಇರದಿದ್ದ ಅನುಕೂಲಗಳು ಇಂದಿವೆ. ಭಾರತದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೂ ಮಾತಾಡಬಹುದು.

ಪತ್ರವೆಲ್ಲ ದೂರೇ ಅಲ್ಲ. ನಡುವೆ ಧ್ವನಿ ಬದಲಾಗುತ್ತದೆ. ತನ್ನಂಥದೇ ದುರದೃಷ್ಟಕ್ಕೆ ಒಳಗಾದ ಯಾರಾದರೂ, ಪ್ರಕೃತಿಯ ಅಡ್ಡಿಗಳಿದ್ದರೂ ಯೋಗ್ಯ ಕಲಾವಿದರ ಸಾಲಿಗೆ ಸೇರಲು ತನ್ನ ಶಕ್ತಿಯಿದ್ದಷ್ಟೂ ಶ್ರಮಿಸಿದ ಒಬ್ಬನನ್ನು ಇಲ್ಲಿ ಕಂಡು ಸಮಾಧಾನಪಟ್ಟುಕೊಳ್ಳಲಿ ಎನ್ನುತ್ತಾನೆ. ಲಿಖ್ನೋವ್ಸ್ಕಿ ಕೊಟ್ಟ ವಾದ್ಯಗಳನ್ನು ತಮ್ಮಂದಿರಲ್ಲೊಬ್ಬ ಇಟ್ಟುಕೊಳ್ಳಲಿ, ಅದಕ್ಕಾಗಿ ಜಗಳವಾಡಬೇಡಿ, ಉಪಯೋಗವಾಗುವಂತಿದ್ದರೆ ಮಾರಿಬಿಡಿ ಎಂದು ಗೃಹಸ್ಥನ ಧಾಟಿಯಲ್ಲಿ ಹೇಳುತ್ತಾನೆ. ತನ್ನ ಬಗೆಗಿನ ದಯೆಯನ್ನು ಕುರಿತು 2003ರಿಂದ ಬರೆಯುತ್ತ ಬಂದಿರುವ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್, ಸ್ವಾನುಕಂಪಕ್ಕೂ ಆ ದಯೆಗೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿಯೇ ಗುರುತಿಸುತ್ತಾರೆ: ಮೊದಲನೆಯದು ‘ನನಗೊಬ್ಬನಿಗೇ’ ಎನ್ನುತ್ತದೆ, ಎರಡನೆಯದು ‘ನನ್ನಂಥವರಿಗೂ’ ಎನ್ನುತ್ತದೆ. ಬೀಥೋವನ್ ಒಂದೇ ಕಾಗದದಲ್ಲಿ ಎರಡನ್ನೂ ಹೇಳಿದ್ದಾನೆ. ನಾಲ್ಕು ದಿನಗಳ ಬಳಿಕ, ಅಕ್ಟೋಬರ್ 10ರಂದು ಬರೆದ ಅನುಬಂಧದಲ್ಲಿ ಮತ್ತೆ ಮೊದಲನೆಯದೇ ಗೆದ್ದಿದೆ. ಗುಣವಾಗುವ ಆಸೆಯೂ ಒಣಗಿತು, ಒಂದೇ ಒಂದು ದಿನದ ಶುದ್ಧ ಸಂತೋಷವನ್ನಾದರೂ ಕೊಡು ಎಂದು ದೈವವನ್ನು ಬೇಡುತ್ತಾನೆ.

ಬರೆದದ್ದರಿಂದ ಏನಾಯಿತು

ಬರೆದುಬಿಟ್ಟ ಮೇಲೆ ಹಗುರಾದ ಎಂದು ಹೇಳಲು ಈ ಅನುಬಂಧವೇ ಅಡ್ಡಿ. ಜೇಮ್ಸ್ ಪೆನ್‌ಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ ನಾಲ್ಕು ದಿನ ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಆಘಾತದ ಬಗ್ಗೆ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಲೇಖನಿ ಹಿಡಿದ ಕ್ಷಣದಲ್ಲೇ ಸಮಾಧಾನ ನಿರೀಕ್ಷಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನೂ ಸ್ವಾರಸ್ಯದ ಸಂಗತಿ ಬೇರೆಡೆಯಿದೆ. ಆ ಅನುಬಂಧ ಬರೆದು ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಆತ ಲೈಪ್‌ಜಿಗ್‌ನ ಪ್ರಕಾಶಕರಾದ ಬ್ರೈಟ್‌ಕೋಪ್ಫ್ ಮತ್ತು ಹೆರ್ಟೆಲ್‌ಗೆ ವ್ಯವಹಾರದ ಪತ್ರವೊಂದನ್ನು ಬರೆದ: ಪಿಯಾನೊಗಾಗಿ ಎರಡು ವೇರಿಯೇಷನ್ (ಒಂದೇ ಸ್ವರವಸ್ತುವನ್ನು ಬಗೆಬಗೆಯಾಗಿ ಮಾರ್ಪಡಿಸಿ ನುಡಿಸುವ) ಕೃತಿಗಳಿವೆ, ಎರಡೂ ನಿಜಕ್ಕೂ ಹೊಸ ರೀತಿಯಲ್ಲಿವೆ. ಅದರಲ್ಲಿ ಅಳಲಿನ ಸುಳಿವೂ ಇಲ್ಲ. ಇನ್ನು ಎರಡನೆಯ ಸಿಂಫನಿ ಇದೇ 1802ರಲ್ಲಿ ಸಿದ್ಧವಾದದ್ದು. ಅದರಷ್ಟು ಉಲ್ಲಾಸದ ಕೃತಿ ಅವನಲ್ಲಿಯೂ ಕಡಿಮೆ. ಅಂದರೆ ಪತ್ರಕ್ಕೆ ಮುಂಚೆಯೂ ಕೆಲಸ ನಡೆದಿತ್ತು, ನಂತರವೂ ನಡೆಯಿತು. ದುಃಖ ತೀರಲಿ, ಆಮೇಲೆ ಕೆಲಸ ಹಿಡಿಯುತ್ತೇನೆ ಎಂದು ಆತ ಕಾಯಲಿಲ್ಲ. ಬೆಳಗಿನ ಹೊತ್ತು ಹೊಸ ಸ್ವರಗಳನ್ನು ಬರೆದು ಸಂಜೆ ಸಾವಿನ ಬಗ್ಗೆ ಬರೆಯುವುದು ಒಬ್ಬನೇ ಮನುಷ್ಯನಿಂದ ಸಾಧ್ಯವಿದೆ. ಹೊರಗಿನಿಂದ ಲವಲವಿಕೆಯಿಂದ ಕೆಲಸ ಮಾಡುತ್ತಿರುವವರ ಬಗ್ಗೆ ‘ಇವರಿಗೇನು ಕೊರತೆ’ ಎನ್ನುವವರಿಗೂ ಇದು ಉತ್ತರ.

ಕೆಲಸ ಕೈಹಿಡಿಯಿತು ಎನ್ನುವಾಗ ಅವನಿಗಿದ್ದ ಅನುಕೂಲಗಳನ್ನು ಮರೆಯಬಾರದು. ಲಿಖ್ನೋವ್ಸ್ಕಿಯ ಹಣವಿತ್ತು; 1809ರಲ್ಲಿ ಮೂವರು ಶ್ರೀಮಂತರು ಸೇರಿ ವರ್ಷಕ್ಕೆ 4000 ಫ್ಲೋರಿನ್ ಕೊಡಲು ಒಪ್ಪಿದರು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಕಸುಬಿನ ಒಂದು ಭಾಗವನ್ನು ಕಿವಿಯಿಲ್ಲದೆಯೂ ಮುಂದುವರಿಸಬಹುದಾಗಿತ್ತು. ಇನ್ನೊಂದು ಭಾಗ ಕಳೆದೇಹೋಯಿತು: 1815ರ ಹೊತ್ತಿಗೆ ಸಭಿಕರ ಮುಂದೆ ಪಿಯಾನೊ ನುಡಿಸುವುದು ಹೆಚ್ಚುಕಡಿಮೆ ನಿಂತಿತು. ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಬರೆದ ಐದನೆಯ ಪಿಯಾನೊ ಕಾಂಚೆರ್ಟೊವನ್ನು 1812ರಲ್ಲಿ ವಿಯೆನ್ನಾದ ಸಭಿಕರಿಗೆ ನುಡಿಸಿ ತೋರಿಸಿದವನು ಶಿಷ್ಯ ಚೆರ್ನಿ. ಕೈ ಕಳೆದುಕೊಂಡ ಬಡಗಿಗೆ ಬೀಥೋವನ್‌ನ ಉದಾಹರಣೆ ಕೊಟ್ಟು ಧೈರ್ಯ ಹೇಳುವವರು ಈ ವ್ಯತ್ಯಾಸವನ್ನು ಯೋಚಿಸಬೇಕು.

ಗುಟ್ಟು ಬಿಚ್ಚಿಕೊಂಡದ್ದು

ತಿರುವು ಎಂದು ಕರೆಯಬಹುದಾದ ಸಾಲನ್ನು ನಾನು 1802ರಲ್ಲಿ ಅಲ್ಲ, 1806ರಲ್ಲಿ ಗುರುತಿಸುತ್ತೇನೆ. ವಿಯೆನ್ನಾದಲ್ಲಿದ್ದ ರಷ್ಯಾದ ರಾಯಭಾರಿ ರಾಜುಮೋವ್ಸ್ಕಿಗೆ ಅರ್ಪಿಸಿದ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ಗಳ ಪೈಕಿ ಮೂರನೆಯದರ ಕರಡು ಹಾಳೆಯಲ್ಲಿ, ಸ್ವರಗಳ ನಡುವೆ, ಆತ ತನಗೆ ತಾನೇ ಬರೆದುಕೊಂಡಿದ್ದಾನೆ: ನಿನ್ನ ಕಿವುಡುತನ ಇನ್ನು ಗುಟ್ಟಾಗಿ ಉಳಿಯದಿರಲಿ, ಕಲೆಯಲ್ಲಿಯೂ. ಇದು ಸಂಕಲ್ಪದ ಗರ್ಜನೆಯಲ್ಲ, ವಿಧಿಯ ಕುತ್ತಿಗೆ ಹಿಡಿಯುವ ಮಾತೂ ಅಲ್ಲ. ಯಾರನ್ನೂ ದೂರದ, ಏನನ್ನೂ ಬೇಡದ ಒಂದು ಸಣ್ಣ ತೀರ್ಮಾನ, ಮಾಡಬಹುದಾದ ತೀರ್ಮಾನ.

ಅದರ ಪೂರ್ಣ ರೂಪ 1818ರ ಹೊತ್ತಿಗೆ ಕಾಣಿಸುತ್ತದೆ. ಆಗಿನಿಂದ ಆತ ಸಂಭಾಷಣೆಯ ಪುಸ್ತಕಗಳನ್ನು ಇಟ್ಟುಕೊಳ್ಳತೊಡಗಿದ. ಬಂದವರ ಮುಂದೆ ಪುಸ್ತಕ, ಪೆನ್ಸಿಲ್ ಇಡುವುದು. ಅವರು ಬರೆಯುವುದು, ಆತ ಬಾಯಲ್ಲಿ ಉತ್ತರ ಹೇಳುವುದು. ಆದ್ದರಿಂದ ನೂರಕ್ಕೂ ಹೆಚ್ಚು ಪುಸ್ತಕಗಳು ಉಳಿದಿದ್ದರೂ ಅವುಗಳಲ್ಲಿ ಹೆಚ್ಚಾಗಿ ಸಿಗುವುದು ಇತರರ ಮಾತು, ಟೆಲಿಫೋನಿನಲ್ಲಿ ಮಾತಾಡುವವರ ಒಂದೇ ಬದಿ ನಮಗೆ ಕೇಳಿಸುವ ಹಾಗೆ. ಅವನ ಕೈಬರಹದಲ್ಲಿರುವುದು ಬಹುತೇಕ ಮನೆಯ ಖರ್ಚಿನ ಲೆಕ್ಕ, ಕೊಳ್ಳಬೇಕಾದ ಸಾಮಾನು, ಪತ್ರಿಕೆಯಲ್ಲಿ ಕಂಡ ಪುಸ್ತಕಗಳ ಜಾಹೀರಾತು. (ಕಾರ್ಯದರ್ಶಿಯಾಗಿದ್ದ ಷಿಂಡ್ಲರ್ ತನ್ನ ಹಿರಿಮೆಗಾಗಿ ಆಮೇಲೆ ಸೇರಿಸಿದ ಸುಳ್ಳು ನಮೂದುಗಳೂ ಇವೆ ಎಂಬುದು 1970ರ ದಶಕದಲ್ಲಿ ಹೊರಬಿತ್ತು, ಅವನ ಮಾತಿನ ಮೇಲೆ ನಿಂತ ಬೀಥೋವನ್ ಕಥೆಗಳನ್ನು ಅಂದಿನಿಂದ ಅನುಮಾನದಿಂದಲೇ ಓದಬೇಕಾಗಿದೆ.) ‘ಜೋರಾಗಿ ಮಾತಾಡಿ’ ಎಂದು ಹೇಳಲಾರದವನು ಈಗ ಹೋಟೆಲಿನ ಮೇಜಿನ ಮೇಲೆ ಎಲ್ಲರೆದುರು ಪುಸ್ತಕ ಬಿಡಿಸಿಡುತ್ತಾನೆ. ಕಿವಿ 1802ಕ್ಕಿಂತ ಎಷ್ಟೋ ಕೆಟ್ಟಿದೆ, ಆದರೆ ಕಿವಿಯ ಬಗ್ಗೆ ಆ ಹಿಂದಿನ ಪ್ರಲಾಪ ಇಲ್ಲಿಲ್ಲ. ಜನರ ಅನ್ಯಾಯ ಕಡಿಮೆಯಾಗಿರಲಿಲ್ಲ; ಅವರಿಗೆ ತಿಳಿಯದ ಗುಪ್ತ ಕಾರಣವೇ ಉಳಿದಿರಲಿಲ್ಲ.

ಮರಳಿ ಬಂದದ್ದು

ಇಲ್ಲಿಗೆ ನಿಲ್ಲಿಸಿದರೆ ಪ್ರಕರಣ ಚೆಂದವಾಗಿ ಮುಗಿಯುತ್ತದೆ, ಆದರೆ ಪೂರ್ತಿಯಾಗುವುದಿಲ್ಲ. 1815ರ ನವೆಂಬರ್‌ನಲ್ಲಿ ತಮ್ಮ ಕಾರ್ಲ್ ಕ್ಷಯದಿಂದ ತೀರಿಕೊಂಡ. ಕಾರ್ಲ್ ಎಂಬ ಅದೇ ಹೆಸರಿನ ಒಂಬತ್ತು ವರ್ಷದ ಮಗನೂ ಹೆಂಡತಿ ಯೊಹಾನಾಳೂ ಉಳಿದರು. ಹುಡುಗನ ಪಾಲನೆಯನ್ನು ಅಣ್ಣ ಮತ್ತು ಹೆಂಡತಿ ಕೂಡಿ ನೋಡಿಕೊಳ್ಳಬೇಕೆಂಬುದು ಸತ್ತವನ ಕೊನೆಯ ಇಚ್ಛೆಯಾಗಿತ್ತು. ಬೀಥೋವನ್ ಒಪ್ಪಲಿಲ್ಲ. ತಾಯಿಯನ್ನು ದೂರವಿಡಲು 1820ರವರೆಗೆ ನ್ಯಾಯಾಲಯಗಳಲ್ಲಿ ಹೋರಾಡಿದ. ಅವಳನ್ನು, ಮೊಜಾರ್ಟ್‌ನ ಸಂಗೀತನಾಟಕವೊಂದರ ಕೇಡಿಗ ತಾಯಿಯ ಹೆಸರಿನಿಂದ, ರಾತ್ರಿಯ ರಾಣಿ ಎಂದು ಹೀಯಾಳಿಸಿದ, ತನ್ನ ತ್ಯಾಗವನ್ನು ಯಾರೂ ಅರಿಯರು ಎಂದು ಪತ್ರದ ಮೇಲೆ ಪತ್ರದಲ್ಲಿ ಅಲವತ್ತುಕೊಂಡ.

ಇದೇ ವರ್ಷಗಳ ಅವನ ದಿನಚರಿಯಲ್ಲಿ ಕನ್ನಡದ ಓದುಗರಿಗೆ ಅಚ್ಚರಿಯಾಗಬಹುದಾದ ಒಂದು ಟಿಪ್ಪಣಿಯಿದೆ. ಭಾರತವನ್ನು ಕುರಿತ ಒಂದು ಗ್ರಂಥದ ಜರ್ಮನ್ ಅನುವಾದದಿಂದ ಆತ ಭಗವದ್ಗೀತೆಯ ಸಾಲುಗಳನ್ನು ನಕಲು ಮಾಡಿಕೊಂಡಿದ್ದ: ಪ್ರೇರಣೆ ಕರ್ಮದಲ್ಲಿರಲಿ, ಫಲದಲ್ಲಿ ಅಲ್ಲ ಎಂಬ ಭಾಗವನ್ನೇ. ಕರ್ಮಣ್ಯೇವಾಧಿಕಾರಸ್ತೇ ಎಂದು ನಾವು ಬಾಯಿಪಾಠ ಹೇಳುವುದು ಅದನ್ನೇ. ಸಂಗೀತದಲ್ಲಿ ಆತ ಆ ಮಾತಿನಂತೆ ನಡೆದ. ಹುಡುಗನ ವಿಷಯದಲ್ಲಿ ಅದು ಒಂದು ದಿನವೂ ನೆನಪಾದಂತಿಲ್ಲ. ಕೃತಜ್ಞತೆ ಎಂಬ ಫಲವನ್ನು ಆತ ದಿನದಿನವೂ ಎಣಿಸಿದ. ಒಳ್ಳೆಯ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಅಭ್ಯಾಸವುಳ್ಳ ನಮ್ಮೆಲ್ಲರಿಗೂ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.

ಈ ಬಾರಿ ಮುಚ್ಚಿಟ್ಟದ್ದೇನು? ನನ್ನ ಊಹೆಯಲ್ಲಿ, ಒಂಟಿತನ. ಮದುವೆಯಾಗದೆ ನಲವತ್ತೈದು ದಾಟುತ್ತಿದ್ದವನಿಗೆ ಮನೆಯಲ್ಲಿ ತನ್ನವನೆಂಬ ಒಂದು ಜೀವ ಬೇಕಾಗಿತ್ತು. ಅದನ್ನು ಬೇಕು ಎಂದು ಕೇಳುವ ಬದಲು ಕರ್ತವ್ಯ ಎಂದು ಕರೆದ. ಕೇಳಿದ್ದರೆ ಇಲ್ಲ ಎನ್ನಿಸಿಕೊಳ್ಳುವ ಸಾಧ್ಯತೆಯಿತ್ತು. ಕರ್ತವ್ಯಕ್ಕೆ ಇಲ್ಲ ಎಂದವರು ಕೃತಘ್ನರಾಗುತ್ತಾರೆ. ‘ನಿಮಗಾಗಿ ಇಷ್ಟೆಲ್ಲ ಮಾಡಿದೆ’ ಎಂಬ ತಂದೆತಾಯಿಯರ ಮಾತಿನಲ್ಲಿ ಎಷ್ಟೋ ಸಲ ಇದೇ ಅದಲುಬದಲು ನಡೆದಿರುತ್ತದೆ. 1802ರ ಸ್ವಾನುಕಂಪ ಅವನ ಕಾಗದಗಳ ನಡುವೆ ಉಳಿದು ಯಾರಿಗೂ ಕೆಡುಕು ಮಾಡಲಿಲ್ಲ. ಇದು ಮಾತ್ರ ಊಟದ ಮೇಜಿಗೆ, ಶಾಲೆಗೆ, ನ್ಯಾಯಾಲಯಕ್ಕೆ ಬಂದಿತು. 1826ರ ಬೇಸಿಗೆಯಲ್ಲಿ ಹತ್ತೊಂಬತ್ತರ ಆ ಯುವಕ ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದ. ಆಸ್ಪತ್ರೆಯಿಂದ ಹೊರಬಂದ ಮೇಲೆ ಸೈನ್ಯಕ್ಕೆ ಸೇರುತ್ತೇನೆಂದ. ಹತ್ತು ವರ್ಷ ಅವನ ಪ್ರತಿಯೊಂದು ಹೆಜ್ಜೆಯನ್ನೂ ನಿಯಂತ್ರಿಸಿದ್ದ ದೊಡ್ಡಪ್ಪ ಕೊನೆಗೆ ಒಪ್ಪಿದ.

1827ರ ಜನವರಿ 2ರಂದು ಹುಡುಗ ತನ್ನ ಪಡೆಯನ್ನು ಸೇರಲು ವಿಯೆನ್ನಾ ಬಿಟ್ಟು ಹೊರಟ. ಮರುದಿನ, ಹಾಸಿಗೆ ಹಿಡಿದಿದ್ದ ಬೀಥೋವನ್ ತನ್ನ ವಕೀಲ ಬಾಖ್‌ನ ಹೆಸರಿಗೆ ಪತ್ರ ಬರೆದು, ಏಳು ಬ್ಯಾಂಕ್ ಷೇರುಗಳೂ ಸೇರಿದಂತೆ ತನ್ನ ಸ್ವತ್ತಿಗೆಲ್ಲ ಕಾರ್ಲ್ ಒಬ್ಬನೇ ವಾರಸುದಾರನೆಂದು ಘೋಷಿಸಿದ. ಪ್ರಿಯ ಕಾರ್ಲ್ ಎಂದು ಹೆಸರು ಬರೆದು ನೇರವಾಗಿ ವಿಷಯಕ್ಕೆ ಬಂದಿದ್ದಾನೆ. ಆ ಪತ್ರದಲ್ಲಿ ದೂರಿಲ್ಲ.